ಕೆರೆಯ ತಳದಲ್ಲಿಟ್ಟ ಒತ್ತಡಮಾಪಕಕ್ಕೆ ಗಾಳಿಯ ಅಲೆಗಳು ಏಕೆ ಸಿಗುವುದಿಲ್ಲ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಸುಮಾರು 2 ಮೀಟರ್ ಆಳದ, ಗಾಳಿ ಬೀಸುವ ದಿಕ್ಕಿನಲ್ಲಿ 2 ಕಿಲೋಮೀಟರ್ ಉದ್ದವಿರುವ ಕೆರೆಯೊಂದರ ತಳದಲ್ಲಿ ಒತ್ತಡಮಾಪಕವನ್ನು ಕೂರಿಸಿ, ಸೆಕೆಂಡಿಗೊಮ್ಮೆ ಅಳತೆಯನ್ನು ದಾಖಲಿಸಿದ್ದೀರಿ. ಆಷಾಢದ ಗಾಳಿಗೆ ಗೇಣೆತ್ತರದ ಅಲೆಗಳು ಏರಿಯ ಕಲ್ಲುಗಳಿಗೆ ಬಡಿಯುವುದನ್ನು ಕಣ್ಣಾರೆ ಕಂಡಿದ್ದರೂ ದಾಖಲೆಯಲ್ಲಿ, ಒತ್ತಡವನ್ನು ನೀರಿನ ಎತ್ತರದ ಲೆಕ್ಕಕ್ಕೆ ತಂದಾಗ, 3 ಸೆಂಟಿಮೀಟರಿಗಿಂತ ಹೆಚ್ಚಿನ ಏರಿಳಿತ ಕಾಣುತ್ತಿಲ್ಲ. ಹಾಗಾದರೆ ಉಪಕರಣ ಕೆಟ್ಟಿದೆಯೇ ಎಂಬುದು ನಿಮ್ಮ ಸಂದೇಹ. ಕೆಟ್ಟಿಲ್ಲ ಎಂದೇ ನನ್ನ ಅಭಿಪ್ರಾಯ. ನಮ್ಮ ಕಣ್ಣಿಗೆ ಆ ಕೆರೆ ಆಳವಿಲ್ಲದ್ದು, ಆದರೆ ಅದರ ಮೇಲೆ ಓಡುವ ಚಿಕ್ಕ ಅಲೆಗಳ ಪಾಲಿಗೆ ಅದು ಆಳವಾದ ನೀರೇ ಆಗಿದೆ.

ಅಲೆಯಿಂದ ಉಂಟಾಗುವ ಒತ್ತಡದ ಏರಿಳಿತ ಮೇಲ್ಮೈಯಿಂದ ಕೆಳಗಿಳಿದಂತೆ ಕ್ಷೀಣಿಸುತ್ತದೆ, ಮತ್ತು ತರಂಗದೂರ (ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗಿರುವ ದೂರ) ಕಡಿಮೆಯಾದಷ್ಟೂ ಅದು ಬೇಗ ಕ್ಷೀಣಿಸುತ್ತದೆ. ಅಲೆಯ ಅವಧಿ, ಅಂದರೆ ಒಂದರ ಹಿಂದೊಂದು ತುದಿ ಬರಲು ಹಿಡಿಯುವ ಕಾಲ, ಕಡಿಮೆಯಾದಷ್ಟೂ ತರಂಗದೂರವೂ ಕಡಿಮೆ. 2 ಮೀಟರ್ ಆಳದಲ್ಲಿ 3 ಸೆಕೆಂಡ್ ಅವಧಿಯ ಅಲೆಯಾದರೆ ಮೇಲ್ಮೈಯ ಏರಿಳಿತದ ಸುಮಾರು 60 ಶೇಕಡಾ ತಳದಲ್ಲಿ ದೊರೆಯುತ್ತದೆ. 2 ಸೆಕೆಂಡಿನ ಅಲೆಯಲ್ಲಿ ಕಾಲು ಭಾಗ ಮಾತ್ರ. 1 ಸೆಕೆಂಡಿನ ಅಲೆಯಲ್ಲಿ ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. 2 ಕಿಲೋಮೀಟರ್ ನೀರಿನ ಮೇಲೆ ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಬೀಸಿದಾಗ ಏಳುವ ಅಲೆಗಳ ಅವಧಿ ಸುಮಾರು 1.7 ಸೆಕೆಂಡ್, ಎತ್ತರ 23 ಸೆಂಟಿಮೀಟರ್ ಆಸುಪಾಸು. ಆ ಅಲೆಯ ಎಂಟನೆಯ ಒಂದು ಭಾಗವಷ್ಟೇ ತಳವನ್ನು ಮುಟ್ಟುತ್ತದೆ, ಅಂದರೆ ನಿಮಗೆ ಸಿಕ್ಕ ಆ 3 ಸೆಂಟಿಮೀಟರ್.

ಹಾಗಾದರೆ ದಾಖಲೆಯನ್ನು ಎಂಟರಿಂದ ಗುಣಿಸಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಇಲ್ಲಿ ಎರಡನೆಯ ತೊಡಕು ಎದುರಾಗುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಅಪಾಯಕಾರಿ. ಸೆಕೆಂಡಿಗೊಮ್ಮೆ ಅಳೆದರೆ 2 ಸೆಕೆಂಡಿಗಿಂತ ಕಡಿಮೆ ಅವಧಿಯ ಅಲೆಯನ್ನು ಅದರ ನಿಜರೂಪದಲ್ಲಿ ಹಿಡಿಯಲಾಗದು, 1.7 ಸೆಕೆಂಡಿನ ಅಲೆಯು ದಾಖಲೆಯಲ್ಲಿ ಸುಮಾರು 2.4 ಸೆಕೆಂಡಿನ ಅಲೆಯ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಆ ಅವಧಿಯನ್ನು ನಂಬಿ ತಿದ್ದುಪಡಿ ಮಾಡಿದರೆ ಎಂಟರ ಬದಲು 2.4ರಿಂದ ಗುಣಿಸಿದಂತಾಗಿ, 23 ಸೆಂಟಿಮೀಟರ್ ಇರಬೇಕಾದ ಎತ್ತರ 7 ಸೆಂಟಿಮೀಟರಿಗೆ ಇಳಿಯುತ್ತದೆ. ಲೆಕ್ಕದಲ್ಲಿ ಎಲ್ಲಿಯೂ ತಪ್ಪು ಕಾಣದು, ಉತ್ತರ ಮಾತ್ರ ಮೂರನೆಯ ಒಂದು ಭಾಗ! ಸೆಕೆಂಡಿಗೆ 8 ಬಾರಿಯಾದರೂ ಅಳೆಯಿರಿ; ಪ್ರತಿ ದಾಖಲೆ 20 ನಿಮಿಷ ಇರಲಿ, ಆಗ ಸುಮಾರು 700 ಅಲೆಗಳು ಅದರಲ್ಲಿ ಸೇರುತ್ತವೆ. ಮೇಲ್ಮೈ ಏರಿಳಿತದ ಮಾನಕ ವಿಚಲನೆಯ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ನಾಲ್ಕು ಪಟ್ಟನ್ನೇ ಗಣನೀಯ ಅಲೆಯೆತ್ತರ, ಅಂದರೆ ಅತಿ ಎತ್ತರದ ಮೂರನೆಯ ಒಂದು ಭಾಗ ಅಲೆಗಳ ಸರಾಸರಿ ಎತ್ತರ, ಎಂದು ಪರಿಗಣಿಸುವುದು ರೂಢಿ.

ಇಂಥ ಕೆರೆಯಲ್ಲಿ ಅಲೆಯನ್ನು ಮೇಲ್ಮೈಯಲ್ಲಿಯೇ ಅಳೆಯಬೇಕು. ನಾನು ಬಳಸಿದ್ದು ಟೆಫ್ಲಾನ್ ಹೊದಿಕೆಯ ತೆಳು ತಂತಿ: ನೀರಿನಲ್ಲಿ ಮುಳುಗಿರುವ ಉದ್ದಕ್ಕೆ ಅನುಗುಣವಾಗಿ ಅದರ ಧಾರಕತೆ (ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯ) ಬದಲಾಗುತ್ತದೆ. ಗಾಳಿ ಏಳುವ ಮುನ್ನ, ಬೆಳಗಿನ ಜಾವದ ನಿಶ್ಚಲ ನೀರಿನಲ್ಲಿ ತಂತಿಯನ್ನು 10 ಸೆಂಟಿಮೀಟರಿನಂತೆ ಇಳಿಸುತ್ತ, ಮತ್ತೆ ಏರಿಸುತ್ತ, ಪ್ರತಿ ಹಂತದ ಅಂಕಿಯನ್ನು ಬರೆದುಕೊಳ್ಳಬೇಕು. ಒಮ್ಮೆ ನಾಲ್ಕೈದು ದಿನ ಬಿಟ್ಟು ಹೋಗಿ ನೋಡಿದಾಗ, ಇಳಿಸುವಾಗಿನ ಅಂಕಿಗೂ ಏರಿಸುವಾಗಿನ ಅಂಕಿಗೂ ತಾಳೆಯೇ ಆಗಲಿಲ್ಲ. ಬೆರಳಿನಿಂದ ಸವರಿದಾಗ ಕಾರಣ ಕೈಗೆ ಹತ್ತಿತು: ತಂತಿಯ ಮೇಲೆ ಜಾರುವ ಹಸಿರು ಪಾಚಿ ಕಟ್ಟಿ, ನೀರು ಕೆಳಗಿಳಿದರೂ ತಂತಿ ಒದ್ದೆಯಾಗಿಯೇ ಉಳಿದು, ಅಲೆಯ ತಗ್ಗುಗಳು ದಾಖಲೆಯಲ್ಲಿ ಮೇಲಕ್ಕೆ ಬಂದಿದ್ದವು. ಅಂದಿನಿಂದ ಪ್ರತಿದಿನ ಬಟ್ಟೆಯಿಂದ ಒರೆಸದೆ ಅಳತೆ ಆರಂಭಿಸಿದ್ದಿಲ್ಲ. ತಂತಿಯು ಕಂಬದ ಗಾಳಿ ಬರುವ ಬದಿಗೆ ಚಾಚಿಕೊಂಡಿರಲಿ, ಮತ್ತು ಏರಿಯಿಂದ ಸಾಕಷ್ಟು ದೂರದಲ್ಲಿರಲಿ; ಕಲ್ಲಿಗೆ ಬಡಿದು ಹಿಂದಿರುಗುವ ಅಲೆ ಬರುವ ಅಲೆಯೊಡನೆ ಸೇರಿಕೊಂಡರೆ ಎತ್ತರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ.

ಆಳವನ್ನೂ ಗಾಳಿಯನ್ನೂ ಜೊತೆಯಲ್ಲೇ ಅಳೆಯದಿದ್ದರೆ ಅಲೆಯೆತ್ತರದ ಅಂಕಿಯಿಂದ ಪ್ರಯೋಜನವಿಲ್ಲ. ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿಯ ಲೇಕ್ ಜಾರ್ಜ್. ಸುಮಾರು 20 ಕಿಲೋಮೀಟರ್ ಉದ್ದ, 10 ಕಿಲೋಮೀಟರ್ ಅಗಲವಿದ್ದರೂ ಅದರ ಆಳ ಸುಮಾರು 2 ಮೀಟರ್, ತಳವಂತೂ ಬಹುತೇಕ ಸಮತಟ್ಟು. ಯಂಗ್ ಮತ್ತು ವೆರ್ಹಾಗನ್ ಎಂಬ ಸಂಶೋಧಕರು ಅಲ್ಲಿ ಉತ್ತರ-ದಕ್ಷಿಣವಾಗಿ ಎಂಟು ಕಡೆ ಮಾಪಕಗಳನ್ನು ನೆಟ್ಟು ಪಡೆದ ಫಲಿತಾಂಶಗಳನ್ನು 1996ರಲ್ಲಿ ಪ್ರಕಟಿಸಿದರು. ನೀರಿನ ಉದ್ದ ಎಷ್ಟೇ ಹೆಚ್ಚಿದರೂ ಒಂದು ಹಂತದ ಬಳಿಕ ಅಲೆ ಬೆಳೆಯುವುದಿಲ್ಲ, ಆ ಮಿತಿಯನ್ನು ಆಳವೇ ಹಾಕುತ್ತದೆ ಎಂಬುದು ಅದರ ಸಾರ. ಅವರ ಸೂತ್ರದಂತೆ ಸೆಕೆಂಡಿಗೆ 10 ಮೀಟರ್ ಗಾಳಿಗೆ 2 ಮೀಟರ್ ಆಳದಲ್ಲಿ ಗಣನೀಯ ಅಲೆಯೆತ್ತರ 46 ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ; ಆಳ 1 ಮೀಟರಿಗೆ ಇಳಿದರೆ 30 ಸೆಂಟಿಮೀಟರಿನ ಸುತ್ತಮುತ್ತ. ಕೆರೆ ತುಂಬಿರುವಾಗ ನಿಮ್ಮ ಅಲೆಗಳನ್ನು ತಡೆಹಿಡಿಯುವುದು ಉದ್ದವೇ ಹೊರತು ಆಳವಲ್ಲ. ನೀರು ಇಳಿದಂತೆ ಈ ಮಾತು ಬದಲಾಗುತ್ತದೆ. ಗಾಳಿಯ ವೇಗವನ್ನು ನೀರಿನ ಮೇಲೆ 10 ಮೀಟರ್ ಎತ್ತರದ ಲೆಕ್ಕಕ್ಕೆ ತಂದು ಬರೆಯಿರಿ; ಊರೊಳಗಿನ ಕಟ್ಟಡದ ಮೇಲಿನ ಮಾಪಕವನ್ನು ನೆಚ್ಚಬೇಡಿ.

ತಳದ ಒತ್ತಡಮಾಪಕವನ್ನು ದಯವಿಟ್ಟು ಕಿತ್ತುಹಾಕಬೇಡಿ. ಗಾಳಿಯು ನೀರನ್ನು ಏರಿಯ ಕಡೆಗೆ ತಳ್ಳಿ ಅಲ್ಲಿನ ಮಟ್ಟವನ್ನು ಒಂದೆರಡು ಸೆಂಟಿಮೀಟರ್ ಏರಿಸುವುದನ್ನೂ, ದಿನದಿನದ ಆಳವನ್ನೂ ನಿಮಗೆ ತಿಳಿಸುವುದು ಅದೇ. ಅದರ ಜೊತೆಗೆ ದಡದಲ್ಲಿ ಒಂದು ವಾಯುಭಾರಮಾಪಕವೂ ಇರಬೇಕು, ಏಕೆಂದರೆ 1 ಮಿಲಿಬಾರ್ ವ್ಯತ್ಯಾಸವೂ ದಾಖಲೆಯಲ್ಲಿ 1 ಸೆಂಟಿಮೀಟರ್ ನೀರಾಗಿಯೇ ತೋರುತ್ತದೆ.