ಅಪ್ಪನ ನೆತ್ತಿಯ ಮೇಲಿನ ಒರಟು ಮಚ್ಚೆ

ಪತ್ರ: "ನಮ್ಮಪ್ಪ ರಿಟೈರ್ಡ್ ಪಿ.ಟಿ. ಮೇಷ್ಟ್ರು, ಈಗ 66 ವರ್ಷ. ಇವತ್ತಿಗೂ ತುಮಕೂರಿನ ಮಹಾತ್ಮ ಗಾಂಧಿ ಸ್ಟೇಡಿಯಂನಲ್ಲಿ ಮಕ್ಕಳಿಗೆ ಓಟ ಕಲಿಸುತ್ತಾರೆ. ತಲೆ ಬೋಳಾಗಿದೆ, ಟೋಪಿ ಹಾಕಲ್ಲ. ನೆತ್ತಿಯಲ್ಲಿ, ಕಿವಿಯ ಮೇಲ್ತುದಿಯಲ್ಲಿ ಒರಟು ಮಚ್ಚೆಗಳು ಎದ್ದಿವೆ. ಸಿಪ್ಪೆ ಉದುರಿ ಮತ್ತೆ ಬರುತ್ತದೆ. ಮೆಡಿಕಲ್ ಶಾಪಿನ ಹುಳುಕಡ್ಡಿ ಮುಲಾಮು ಹಚ್ಚಿಕೊಳ್ಳುತ್ತಾರೆ. ಬಿಸಿಲಿನ ಕ್ಯಾನ್ಸರ್ ಬಿಳಿಯರಿಗೆ ಬರೋದು, ನಮಗಲ್ಲ ಅಂತಾರೆ. ನಿಜವಾ?" – ಓದುಗರು, ಶಿರಾ ಗೇಟ್, ತುಮಕೂರು

ಸಂಪಾದಕರ ಉತ್ತರ: ಮೊದಲು ಆ ಮುಲಾಮು ನಿಲ್ಲಿಸಿ. ಅಂಥ ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಸೇರಿರುತ್ತದೆ. ನಾಲ್ಕು ದಿನ ಕೆಂಪು ಇಳಿದು ವಾಸಿಯಾದ ಹಾಗೆ ಕಾಣುತ್ತದೆ, ಅಷ್ಟೇ. ಚರ್ಮ ತೆಳುವಾಗುತ್ತದೆ, ಡಾಕ್ಟರಿಗೂ ಗುರುತು ಹಿಡಿಯೋದು ಕಷ್ಟವಾಗುತ್ತದೆ.

ನೀವು ಹೇಳಿದ ಲಕ್ಷಣ ಆಕ್ಟಿನಿಕ್ ಕೆರಟೋಸಿಸ್‌ಗೆ ಹೊಂದುತ್ತದೆ. ವರ್ಷಗಟ್ಟಲೆ ಬಿದ್ದ ನೇರಳಾತೀತ ಕಿರಣದಿಂದ ಚರ್ಮದ ಮೇಲ್ಪದರದ ಜೀವಕೋಶಗಳು ಕೆಟ್ಟು ಹೀಗಾಗುತ್ತದೆ. ಕಣ್ಣಿಗಿಂತ ಬೆರಳಿಗೆ ಇದು ಬೇಗ ಸಿಗುತ್ತದೆ. ಅಪ್ಪನ ನೆತ್ತಿಯ ಮೇಲೆ ಮೆಲ್ಲಗೆ ಬೆರಳಾಡಿಸಿ ನೋಡಿ, ಉಪ್ಪುಕಾಗದ ಸವರಿದ ಹಾಗೆ ತರಿತರಿ ಅನ್ನಿಸಬಹುದು. ಇದು ಕ್ಯಾನ್ಸರ್ ಅಲ್ಲ, ಗಾಬರಿ ಬೇಡ. ಹೆಚ್ಚಿನವು ಹಾಗೇ ಇರುತ್ತವೆ, ಕೆಲವು ತಾವಾಗಿಯೇ ಹೋಗುತ್ತವೆ. ಕೆಲವೇ ಕೆಲವು ಮಾತ್ರ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಅನ್ನೋ ಚರ್ಮದ ಕ್ಯಾನ್ಸರ್ ಆಗಿ ತಿರುಗುತ್ತವೆ. ಯಾವುದು ತಿರುಗುತ್ತದೆ ಅಂತ ಮೊದಲೇ ಹೇಳೋಕಾಗಲ್ಲ. ಅದಕ್ಕೇ ತೋರಿಸಬೇಕು.

ಅಪ್ಪನ ಮಾತು ಅರ್ಧ ನಿಜ. ನಮ್ಮ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಒಳ್ಳೆಯ ರಕ್ಷಣೆ ಕೊಡುತ್ತದೆ. ನಮ್ಮ ಕಡೆ ಮುಖದ ಮೇಲಿನ ಕಲೆ ಜಾಸ್ತಿ ಬಂಗೋ ಹುಳುಕಡ್ಡಿಯೋ ಆಗಿರುತ್ತದೆ. ಆದರೆ ರಕ್ಷಣೆ ಇದೆ ಅಂದಮಾತ್ರಕ್ಕೆ ರೋಗ ಬರೋದೇ ಇಲ್ಲ ಅಂತಲ್ಲ. ಕೂದಲಿಲ್ಲದ ತಲೆ, ಜೀವನಪೂರ್ತಿ ಮೈದಾನ, ಜೊತೆಗೆ ವಯಸ್ಸು, ಇವೆಲ್ಲ ಒಟ್ಟಿಗೆ ಸೇರಿವೆ. ತುಮಕೂರು ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಂಥ ಎತ್ತರದ ಊರಲ್ಲಿ ಗಾಳಿ ತಂಪಾಗಿದ್ದರೆ ಬಿಸಿಲು ತಾಗಿದ್ದೇ ಗೊತ್ತಾಗಲ್ಲ. ಆದರೆ ಸೆಕೆ ಬೇರೆ, ನೇರಳಾತೀತ ಕಿರಣ ಬೇರೆ. ಮೋಡ ಇದ್ದರೂ ಅದು ಬೀಳುತ್ತಲೇ ಇರುತ್ತದೆ.

ಮೇಷ್ಟ್ರಿಗೆ ಕ್ರಿಕೆಟ್ ಇಷ್ಟವಿದ್ದರೆ ರಿಚೀ ಬೆನೊ ವಿಷಯ ಹೇಳಿ. ಆಸ್ಟ್ರೇಲಿಯಾದ ಆ ನಾಯಕ ಟೋಪಿಯಿಲ್ಲದೆ ಬೌಲಿಂಗ್ ಮಾಡುತ್ತಿದ್ದರು. 2014ರಲ್ಲಿ ಚರ್ಮದ ಕ್ಯಾನ್ಸರ್ ಇದೆ ಅಂತ ತಿಳಿಸಿದಾಗ, ಟೋಪಿ ಹಾಕಬೇಕಿತ್ತು ಅಂತ ತಾವೇ ಹೇಳಿಕೊಂಡರು. ಅವರು ಬಿಳಿಯರು, ಒಪ್ಪುತ್ತೇನೆ. ಆದರೆ ಅವರು ಪಟ್ಟ ಪಶ್ಚಾತ್ತಾಪಕ್ಕೆ ಬಣ್ಣವಿಲ್ಲ ಅಲ್ವಾ?

ಚಿಕಿತ್ಸೆ ದೊಡ್ಡ ರಾಮಾಯಣವಲ್ಲ. ಚರ್ಮದ ಡಾಕ್ಟರು ಲಿಕ್ವಿಡ್ ನೈಟ್ರೋಜನ್ ಹಾಕಿ ಮಚ್ಚೆಯನ್ನು ಹೆಪ್ಪುಗಟ್ಟಿಸಿ ತೆಗೆಯುತ್ತಾರೆ. ಮಚ್ಚೆ ಜಾಸ್ತಿ ಇದ್ದರೆ ಕೆಟ್ಟ ಜೀವಕೋಶಗಳನ್ನು ಕೊಲ್ಲುವ ಫ್ಲೋರೋಯುರಾಸಿಲ್ ಕ್ರೀಮು ಬರೆದುಕೊಡುತ್ತಾರೆ. ಅದು ಹಚ್ಚಿದಾಗ ಜಾಗ ಕೆಂಪಾಗಿ ಉರಿಯುತ್ತದೆ, ಹೆದರಿ ಮಧ್ಯದಲ್ಲಿ ಬಿಡಬಾರದು. ಸಂಶಯ ಬಂದರೆ ಒಂದು ಚೂರು ಚರ್ಮ ತೆಗೆದು ಬಯಾಪ್ಸಿಗೆ, ಅಂದರೆ ಲ್ಯಾಬ್ ಪರೀಕ್ಷೆಗೆ, ಕಳಿಸುತ್ತಾರೆ.

ಮೈದಾನ ಬಿಡಿ ಅಂತ ಮಾತ್ರ ಹೇಳಬೇಡಿ. ಓಟವನ್ನು ಬೆಳಿಗ್ಗೆ 9ರೊಳಗೆ ಮುಗಿಸಲಿ. ಕ್ಯಾಪ್ ಕಿವಿ ಮುಚ್ಚಲ್ಲ, ಸುತ್ತಲೂ ಅಂಚಿರುವ ಹ್ಯಾಟ್ ತೆಗೆದುಕೊಡಿ. ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅಂತ ತೋರಿಸುವ ಅಂಕೆ) 30 ಅಥವಾ ಅದಕ್ಕಿಂತ ಜಾಸ್ತಿಯ ಸನ್‌ಸ್ಕ್ರೀನನ್ನು ನೆತ್ತಿ, ಕಿವಿ, ಕತ್ತಿನ ಹಿಂಭಾಗಕ್ಕೆ ಹಚ್ಚಲಿ. ಬೆವರಿದರೆ, ಇಲ್ಲದಿದ್ದರೂ 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮಕ್ಕಳಿಗೂ ಇದೇ ಮಾತು.

ಯಾವುದಾದರೂ ಮಚ್ಚೆ ಗಂಟಾಗಿ ದಪ್ಪವಾದರೆ, ಮುಟ್ಟಿದರೆ ನೋವಾದರೆ, ರಕ್ತ ಬಂದರೆ ತಡಮಾಡಬೇಡಿ. ಕೆಳತುಟಿಯಲ್ಲಿ ಬಿರಿದು ವಾಸಿಯಾಗದ ಜಾಗ ಇದ್ದರೂ ಅಷ್ಟೇ. ಆ ವಾರವೇ ಅಪ್ಪನನ್ನು ಕರೆದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ.