ಆಟಗಾರರನ್ನು ಹುರಿದುಂಬಿಸುವ ಕ್ರಮ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒದಗೀತೇ?

ಕ್ರೀಡಾ ಮನಃಶಾಸ್ತ್ರದ ವಿಧಾನಗಳಿಂದ ಮುಖ್ಯೋಪಾಧ್ಯಾಯರು ತಮ್ಮ ಶಿಕ್ಷಕರಲ್ಲಿ ಹುರುಪು ತುಂಬಬಹುದೇ ಎಂದು ಕೇಳಿದ್ದೀರಿ. ತುಂಬಬಹುದು, ಆದರೆ ಪಂದ್ಯಕ್ಕೆ ಮುಂಚಿನ ಆವೇಶದ ಭಾಷಣದಿಂದಲ್ಲ. ನಾನು ಹಾವೇರಿ ಜಿಲ್ಲೆಯಲ್ಲಿ ಕನ್ನಡ ಶಿಕ್ಷಕನಾಗಿದ್ದಾಗ ಸಂಜೆ ಹೊತ್ತು ಶಾಲೆಯ ಕಬಡ್ಡಿ ತಂಡವನ್ನು ನೋಡಿಕೊಳ್ಳುತ್ತಿದ್ದೆ. ಈಗ 6 ವರ್ಷಗಳಿಂದ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯನಾಗಿದ್ದೇನೆ.

ಕಬಡ್ಡಿಯಲ್ಲಿ ದಾಳಿಗೆ ಹೋದ ಹುಡುಗನಿಗೆ ಸಿಗುವುದು 30 ಸೆಕೆಂಡು. ಆಗ ಅವನು ಅಂಕಫಲಕದತ್ತ ಕಣ್ಣು ಹಾಯಿಸಿದರೆ ಕೆಟ್ಟ. ಎದುರಿಗೆ ಆರು ಇಲ್ಲವೇ ಏಳು ಜನ ನಿಂತಿದ್ದಾರೆಯೇ, ನಿಂತಿದ್ದರೆ ಮುಂದಿನ ಪಾದ ಹೆಚ್ಚುವರಿ ಅಂಕ ಕೊಡಿಸುವ ಬೋನಸ್ ಗೆರೆಯಾಚೆ ನೆಲ ಮುಟ್ಟುವಾಗ ಹಿಂದಿನ ಪಾದ ಮೇಲೆದ್ದಿದೆಯೇ, ಇಷ್ಟನ್ನೇ ನೋಡು ಎಂದು ಹೇಳಿಕೊಡುತ್ತಿದ್ದೆ. ಗೆಲುವು ಫಲಿತಾಂಶದ ಗುರಿ, ಅದರಲ್ಲಿ ಎದುರಾಳಿಯ ಪಾಲೂ ಇರುತ್ತದೆ; ಪಾದ ಇಡುವುದು ಪ್ರಕ್ರಿಯೆಯ ಗುರಿ, ಅದು ಹುಡುಗನೊಬ್ಬನದೇ.

ಹೆಡ್‌ಮಾಸ್ತರನಾದ ಮೊದಲ ಎರಡು ವರ್ಷ ನಾನೇ ಇದನ್ನು ಮರೆತಿದ್ದೆ. ತಿಂಗಳ ಸಭೆಯಲ್ಲಿ ಪ್ರತಿ ವಿಷಯದ ಶೇಕಡಾವಾರು ಫಲಿತಾಂಶವನ್ನು ಹಲಗೆಯ ಮೇಲೆ ಬರೆದು, ಕಡಿಮೆ ಬಂದವರ ಕಡೆ ಸುಮ್ಮನೆ ನೋಡುತ್ತಿದ್ದೆ. ಗಣಿತ ಶಿಕ್ಷಕರು ಕೈಗಡಿಯಾರ ತಿರುವುತ್ತಾ ಕೂತಿರುತ್ತಿದ್ದರು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳು ಹೊಲಕ್ಕೆ ಹೋಗುವುದಾಗಲಿ, ಭಾಗಾಕಾರವೇ ಬಾರದೆ ಎಂಟನೆಯ ತರಗತಿಗೆ ಬಂದು ಸೇರುವುದಾಗಲಿ ಅವರ ಕೈಯಲ್ಲಿ ಇರಲಿಲ್ಲ. ಮೂರನೆಯ ವರ್ಷ ಹಲಗೆ ಒರೆಸಿ, ಈ ತಿಂಗಳು ನಿಮ್ಮಿಂದ ಆಗುವ ಒಂದೇ ಒಂದು ಕೆಲಸವನ್ನು ನೀವೇ ಆರಿಸಿಕೊಳ್ಳಿರಿ ಎಂದೆ. ಹಿಂದಿನ ಬೆಂಚಿನ ನಾಲ್ವರ ನೋಟ್‌ಬುಕ್‌ಗಳನ್ನು ದಿನವೂ ತೆರೆದು, ಲೆಕ್ಕ ಯಾವ ಹಂತದಲ್ಲಿ ತಪ್ಪಿದೆಯೋ ಅಲ್ಲಿ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಡುವುದನ್ನು ಗಣಿತ ಶಿಕ್ಷಕರು ಆರಿಸಿಕೊಂಡರು. ಉತ್ತರವನ್ನು ತಿದ್ದುತ್ತಿರಲಿಲ್ಲ; ಚುಕ್ಕೆಯಿಂದ ಮುಂದಕ್ಕೆ ಹುಡುಗನೇ ಮತ್ತೆ ಬಿಡಿಸಬೇಕು. ಮುಂದಿನ ಸಭೆಯಲ್ಲಿ ಮೊದಲು ಮಾತೆತ್ತಿದವರು ಅವರೇ.

ಫಲಿತಾಂಶ ಆ ವರ್ಷ ಹೇಳಿಕೊಳ್ಳುವಷ್ಟು ಏರಲಿಲ್ಲ, ತಾಲ್ಲೂಕಿನ ಸಭೆಯಲ್ಲಿ ನಾನು ಎದ್ದು ನಿಂತು ಉತ್ತರ ಕೊಡಬೇಕಾಯಿತು. ಆ ಬಿಸಿಯನ್ನು ಸ್ಟಾಫ್ ರೂಮಿಗೆ ದಾಟಿಸದಿರುವುದೇ ಮುಖ್ಯಸ್ಥನ ಅರ್ಧ ಕೆಲಸವೆಂದು ಈಗ ಅನ್ನಿಸುತ್ತದೆ.

ಅಂದು ಕೆಲಸ ಮಾಡಿದ್ದು ಚುಕ್ಕೆಗಿಂತ ಹೆಚ್ಚಾಗಿ ಆಯ್ಕೆ. ಮನಃಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ರೂಪಿಸಿದ, ಕ್ರೀಡಾ ತರಬೇತಿಯಲ್ಲಿ ಬಹಳವಾಗಿ ಬಳಕೆಯಲ್ಲಿರುವ ಸ್ವನಿರ್ಧಾರ ಸಿದ್ಧಾಂತದ ಪ್ರಕಾರ ಮನಸ್ಸಿಟ್ಟು ದುಡಿಯಲು ಸ್ವಾಯತ್ತತೆ, ತನ್ನಿಂದ ಆಗುತ್ತದೆಂಬ ಅರಿವು, ಜೊತೆಯವರ ಬಾಂಧವ್ಯ ಈ ಮೂರೂ ಬೇಕು. 1971ರಲ್ಲಿ ಡೆಸಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಗಟಿನ ತುಂಡುಗಳನ್ನು ಜೋಡಿಸಿದ್ದಕ್ಕೆ ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನಲ್ಲಿ ಅದನ್ನು ಕೈಗೆತ್ತಿಕೊಳ್ಳುವುದನ್ನೇ ಕಡಿಮೆ ಮಾಡಿದರು. ಹಾಗೆಂದು ಶಾಲು, ಹಾರಗಳ ಸನ್ಮಾನ ಬೇಡವೆಂದಲ್ಲ. ನೂರಕ್ಕೆ ನೂರು ಫಲಿತಾಂಶ ತಂದವರಿಗೆ ಮಾತ್ರ ಶಾಲು ಎಂದಾದಾಗ ಉಳಿದವರು ಹಿಂದಿನ ಸಾಲಿನ ಕುರ್ಚಿ ಹುಡುಕುವುದನ್ನು ಕಂಡಿದ್ದೇನೆ.

ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಿರಿ. ಆಟಗಾರ ಮೈದಾನಕ್ಕೆ ಇಷ್ಟಪಟ್ಟು ಬರುತ್ತಾನೆ, ಶಿಕ್ಷಕರು ಶಾಲೆ ಹಂಚುವ ಇಲಾಖೆಯ ಕೌನ್ಸೆಲಿಂಗ್‌ನಲ್ಲಿ ಸಿಕ್ಕ ಊರಿಗೆ ಬಂದಿರುತ್ತಾರೆ. ದಿನವೂ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಓಡಾಡುವ ನಮ್ಮ ಶಿಕ್ಷಕಿಯೊಬ್ಬರಿಗೆ ನನ್ನ ಗುರಿಯ ಮಾತು ಯಾವುದೂ ನಾಟಲಿಲ್ಲ. ವೇಳಾಪಟ್ಟಿಯಲ್ಲಿ ಅವರ ಮೊದಲ ಪಿರಿಯಡ್ಡನ್ನು ಎರಡನೆಯದಕ್ಕೆ ಬದಲಿಸಿಕೊಟ್ಟೆ. ಹದಿನೈದು ದಿನ ಕಳೆದ ಮೇಲೆ, ತಾವೇನು ಆರಿಸಿಕೊಂಡಿದ್ದಾರೆಂಬುದನ್ನು ಹೇಳಲು ಅವರೇ ನನ್ನ ಕೋಣೆಗೆ ಬಂದರು.