ಪ್ರತಿಕ್ರಿಯೆ: ರನ್ನಿಮೀಡ್ ಫಲಕದಲ್ಲಿ ಹೆಸರಿದ್ದರೆ ಏನರ್ಥ?

ನಿಮ್ಮ ಇಂಗ್ಲೆಂಡಿನ ನೆರೆಮನೆಯ ಅಜ್ಜಿಯ ಅಣ್ಣ ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಬ್ರಿಟಿಷ್ ವಾಯುಪಡೆಯ ಲ್ಯಾಂಕಾಸ್ಟರ್ ಬಾಂಬರ್ ವಿಮಾನದಲ್ಲಿ ಹೋದವರು ಮರಳಲಿಲ್ಲ, ಇಂಗ್ಲೆಂಡಿನ ರನ್ನಿಮೀಡ್‌ನಲ್ಲಿರುವ ವಾಯುಯೋಧರ ಸ್ಮಾರಕದಲ್ಲಿ ಹೆಸರು ಮಾತ್ರ ಇದೆ, ಮುಂದೆ ಎಲ್ಲಿ ಹುಡುಕಲಿ ಎಂದು ಕೇಳಿದ್ದೀರಿ.

ಅಲ್ಲಿ ಹೆಸರಿದೆ ಎಂದರೆ ಗುರುತಿಸಿದ ಸಮಾಧಿ ಇಲ್ಲವೆಂದೇ ಅರ್ಥ. ಅಂಥ 20 ಸಾವಿರಕ್ಕೂ ಹೆಚ್ಚು ಹೆಸರುಗಳು ಅಲ್ಲಿವೆ. ಹಾಗೆಂದು ಸುಳಿವೇ ಇಲ್ಲವೆಂದಲ್ಲ.

ಅವರೊಬ್ಬರನ್ನೇ ಹುಡುಕುವುದು ಬಿಡಿ, ಜೊತೆಗಿದ್ದವರನ್ನು ಹುಡುಕಿ. ಲ್ಯಾಂಕಾಸ್ಟರಿನಲ್ಲಿ ಸಾಮಾನ್ಯವಾಗಿ ಏಳು ಮಂದಿ: ಪೈಲಟ್, ಎಂಜಿನಿಯರ್, ನ್ಯಾವಿಗೇಟರ್, ಬಾಂಬ್ ಎಸೆಯುವವನು, ವೈರ್‌ಲೆಸ್‌ನವನು, ಇಬ್ಬರು ಗನ್ನರ್‌ಗಳು. ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ಈ ಬಾಂಬರ್ ದಳದ ನೆನಪಿಗಿರುವ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರಿನ ದತ್ತಾಂಶದಲ್ಲಿ ಹೆಸರು ಹಾಕಿದರೆ ಸಹಚರರೂ ಸಿಗುವ ಸಾಧ್ಯತೆ ಹೆಚ್ಚು. ಅವರಲ್ಲಿ ಒಬ್ಬರು ಡೆನ್ಮಾರ್ಕಿನದೋ ಹಾಲೆಂಡಿನದೋ ಕರಾವಳಿಯ ಸ್ಮಶಾನದಲ್ಲಿದ್ದು ಉಳಿದವರ ಹೆಸರೆಲ್ಲ ರನ್ನಿಮೀಡಿನಲ್ಲಿದ್ದರೆ, ವಿಮಾನ ಸಮುದ್ರಕ್ಕೆ ಬಿದ್ದು ಒಂದೇ ದೇಹ ದಡ ಸೇರಿರಬಹುದು ಎಂದು ಊಹಿಸಬಹುದು.

ಆಮೇಲೆ ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ಸರ್ಕಾರಿ ದಾಖಲೆಗಳ ಭಂಡಾರ ನ್ಯಾಷನಲ್ ಆರ್ಕೈವ್ಸ್‌ನ ‘ಏರ್ 27’ ಸರಣಿ ನೋಡಿ. ಅದು ಸ್ಕ್ವಾಡ್ರನ್ನುಗಳ, ಅಂದರೆ ವಾಯುಪಡೆಯ ತುಕಡಿಗಳ, ದಿನಚರಿ. ಹೊರಟ ಹೊತ್ತು, ಗುರಿ, ಸಿಬ್ಬಂದಿ ಎಲ್ಲ ಟೈಪ್ ಆಗಿರುತ್ತದೆ. ಮರಳಿದ ಹೊತ್ತಿನ ಕಲಂ ಮಾತ್ರ ಖಾಲಿ, ಪಕ್ಕದಲ್ಲಿ ಒಂದೇ ಸಾಲಿನ ಷರಾ. ಆ ಪುಟವನ್ನು ಅಜ್ಜಿಗೆ ತೋರಿಸುವ ಮೊದಲು ನೀವೊಮ್ಮೆ ಓದಿಕೊಳ್ಳಿ.

ಬಾಂಬರ್ ಕಮಾಂಡ್ ಎಂಬ ಆ ಬಾಂಬರ್ ದಳದ ಸುಮಾರು 1,25,000 ವಾಯುಯೋಧರಲ್ಲಿ 55,000ಕ್ಕೂ ಹೆಚ್ಚು ಮಂದಿ ಸತ್ತರು. ಕೆಳಗೆ ಸುಟ್ಟುಹೋದ ಊರುಗಳ ಕಾರಣಕ್ಕೆ ಈ ದಳದ ಸ್ಮರಣೆ ವಿವಾದದಲ್ಲೇ ಉಳಿಯಿತು. ಲಂಡನ್ನಿನಲ್ಲಿ ಅದರ ಸ್ಮಾರಕ ಆದದ್ದು 2012ರಲ್ಲಿ. ವಿವಾದಕ್ಕೆ ಕಾರಣವಿದೆ, ಒಪ್ಪುತ್ತೇನೆ. ಆದರೆ ತಂಗಿಗೆ ಅಣ್ಣ ಎಲ್ಲಿ ಬಿದ್ದನೆಂದು ತಿಳಿಯುವ ಹಕ್ಕು ಬೇರೆಯೇ ವಿಷಯ. ಸ್ಕ್ವಾಡ್ರನ್ ಸಂಖ್ಯೆ, ತಾರೀಖು ಇಲ್ಲಿ ಹಾಕಿ, ಯಾವ ಕಡತ ಎಂದು ನೋಡಿ ಹೇಳುತ್ತೇನೆ.